ಬಾಕಿ ಕೆಲಸದಿಂದಲೇ ಪಾಠ ಶುರುವಾಗಲಿ
ಕೆಲಸ ನಿಭಾಯಿಸುವ ವಿಧಾನಗಳ ಬಗ್ಗೆ ಆನ್‌ಲೈನ್ ತರಬೇತಿ ಎಂದ ಕೂಡಲೇ ಆಯೋಜಕರು ಹೊಸ ಆ್ಯಪ್‌ಗಳನ್ನೇ ವಿಷಯವಾಗಿ ಆರಿಸಿಕೊಳ್ಳುತ್ತಾರೆ. ಇದು ಸರಿಯಲ್ಲ. ಆ್ಯಪ್ ಬದಲಾಗುತ್ತದೆ, ತಲೆಯೊಳಗಿನ ಗೋಜಲು ಹಾಗೇ ಉಳಿಯುತ್ತದೆ. ಡೇವಿಡ್ ಅಲೆನ್ 2001ರ ತಮ್ಮ ‘ಗೆಟಿಂಗ್ ಥಿಂಗ್ಸ್ ಡನ್’ ಪುಸ್ತಕದಲ್ಲಿ ಕೇಳುವ ಪ್ರಶ್ನೆ ಬಲು ಸರಳ: ಇದರಲ್ಲಿ ಈಗ ಕೈಯಿಂದ ಮಾಡಬೇಕಾದ ಮುಂದಿನ ಕೆಲಸ ಯಾವುದು? ‘ಮನೆ ಕಂದಾಯ’ ಎಂದು ಬರೆದ ಚೀಟಿ ಫ್ರಿಜ್ ಮೇಲೆ ತಿಂಗಳುಗಟ್ಟಲೆ ಅಂಟಿಕೊಂಡೇ ಇರುತ್ತದೆ. ಅದನ್ನೇ ‘ಬೀರುವಿನಿಂದ ಹೋದ ವರ್ಷದ ರಸೀದಿ ತೆಗೆಯುವುದು’ ಎಂದು ಬರೆದು ನೋಡಿ, ಕೈ ತಾನಾಗಿ ಬೀರುವಿನತ್ತ ಹೋಗುತ್ತದೆ. ಒಂದು ಇಡೀ ತರಗತಿಗೆ ಇದೊಂದೇ ವಿಷಯ ಸಾಕು. ಇನ್ನೊಂದು ತರಗತಿಯನ್ನು, ಎಲ್ಲರೂ ಓದಿ ಯಾರೂ ಮಾಡದ ವಾರಕ್ಕೊಮ್ಮೆಯ ಪಟ್ಟಿ ಪರಿಶೀಲನೆಗೆ ಮೀಸಲಿಡಬೇಕು. ಅಲ್ಲಿ ಉಪನ್ಯಾಸ ಬೇಡ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ರೂಪಿಸಿದ 25 ನಿಮಿಷದ ಪದ್ಧತಿಯಂತೆ, ಎಲ್ಲರೂ ಅಷ್ಟು ಹೊತ್ತು ಮೈಕ್ ಮುಚ್ಚಿ ತಂತಮ್ಮ ಪಟ್ಟಿ ತಿದ್ದಲಿ, ಆಮೇಲೆ 5 ನಿಮಿಷ ಬಿಡುವು. ಆಯೋಜಕರಲ್ಲಿ ಒಂದು ವಿನಂತಿ: ವಿಷಯ ನಿಗದಿ ಮಾಡುವ ಮುನ್ನ, ಬರುವವರನ್ನೇ ಕೇಳಿ, ನಿಮ್ಮ ಪಟ್ಟಿಯಲ್ಲಿ ಅತಿ ಹಳೆಯ ಬಾಕಿ ಕೆಲಸ ಯಾವುದು ಎಂದು.