ಗೋಡೆಯ ಮೇಲಿನ ಅಜ್ಜಿ



ಅಮೆರಿಕದ ಲಾಸ್ ಏಂಜಲೀಸ್ ಮಹಾನಗರದ ಪೂರ್ವ ದಿಕ್ಕಿಗೆ ಬಾಯ್ಲ್ ಹೈಟ್ಸ್ ಎಂಬ ಬಡಾವಣೆಯಿದೆ. ಅಲ್ಲಿರುವವರು ಬಹುಪಾಲು ಮೆಕ್ಸಿಕೋ ಮೂಲದ, ಸ್ಪ್ಯಾನಿಷ್ ಮನೆಮಾತಿನ, ದುಡಿದುಣ್ಣುವ ಜನ. ಆ ಬಡಾವಣೆಯ ಹಾಲೆನ್‌ಬೆಕ್ ಉದ್ಯಾನದಲ್ಲಿದ್ದ ವಾದ್ಯಮಂಟಪದ ಗೋಡೆಯ ಮೇಲೆ 1970ರಲ್ಲಿ ಒಂದು ಚಿತ್ರ ಮೂಡಿತು. ಎರಡೂ ತೋಳುಗಳನ್ನು ಚಾಚಿ, ಬಂದವರನ್ನೆಲ್ಲ ಅಪ್ಪಿಕೊಳ್ಳುವಂತಿದ್ದ ಒಬ್ಬ ವೃದ್ಧೆಯ ಚಿತ್ರ ಅದು. ಅದರ ಹೆಸರು ‘ಮಿ ಅಬುಯೆಲಿಟಾ’, ಅಂದರೆ ‘ನನ್ನಜ್ಜಿ’.

ಚಿತ್ರವನ್ನು ಬರೆದವರು ಹೆಸರಾಂತ ಕಲಾವಿದರಲ್ಲ. ಪರಸ್ಪರ ಹಗೆ ಸಾಧಿಸುತ್ತಿದ್ದ ನಾಲ್ಕು ಪುಂಡರ ಗುಂಪುಗಳಿಂದ ಬಂದ ಇಪ್ಪತ್ತು ಮಂದಿ ತರುಣರು. ಅವರನ್ನು ಒಂದೇ ಗೋಡೆಯ ಮುಂದೆ ಒಟ್ಟಿಗೆ ನಿಲ್ಲಿಸಿದವರು ಜೂಡಿ ಬಾಕಾ ಎಂಬ ಯುವ ಶಿಕ್ಷಕಿ. ಸ್ವತಃ ಅಜ್ಜಿಯ ಆರೈಕೆಯಲ್ಲಿ ಬೆಳೆದವರು. ಶಾಲೆಗೆ ಸೇರಿದಾಗ ಆಕೆಗೆ ಇಂಗ್ಲಿಷ್ ಬಾರದು, ಬರುತ್ತಿದ್ದ ಸ್ಪ್ಯಾನಿಷನ್ನು ಅಲ್ಲಿ ಆಡುವಂತಿಲ್ಲ. ಮಾತು ಕಳೆದುಕೊಂಡ ಆ ಮಗುವನ್ನು ಅಧ್ಯಾಪಕರು ಒಂದು ಮೂಲೆಯಲ್ಲಿ ಕೂಡಿಸಿ ಬಣ್ಣ ಕೊಟ್ಟರಂತೆ. ಆ ಅಧ್ಯಾಪಕರು ಪುಣ್ಯವಂತರು.

ಮಹಾಪುರುಷರೊಬ್ಬರ ಚಿತ್ರವನ್ನೇ ಬರೆಯಬಹುದಿತ್ತು. ಆದರೆ ಒಂದು ಗುಂಪಿನ ನಾಯಕ ಮತ್ತೊಂದಕ್ಕೆ ಶತ್ರು. ಅಜ್ಜಿಯಾದರೋ ನಾಲ್ಕು ಗುಂಪಿನವರ ಮನೆಗಳಲ್ಲಿಯೂ ಇದ್ದಳು. ಜನರು ಆ ಚಿತ್ರದ ಮುಂದೆ ಮೇಣದ ಬತ್ತಿ ಹಚ್ಚಿಡುತ್ತಿದ್ದರೆಂದೂ, ಹನ್ನೆರಡು ವರ್ಷಗಳವರೆಗೆ ಅದರ ಮೇಲೆ ಯಾರೂ ಗೀಚಲಿಲ್ಲವೆಂದೂ ಬಾಕಾ ಹೇಳಿದ್ದಾರೆ.

ಮುಂದೆ 1976ರಲ್ಲಿ ಆಕೆ ಇನ್ನೂ ದೊಡ್ಡ ಕಾರ್ಯಕ್ಕೆ ಕೈಹಾಕಿದರು. ಸ್ಯಾನ್ ಫರ್ನಾಂಡೊ ಕಣಿವೆಯ ಟುಹಂಗಾ ಎಂಬಲ್ಲಿ ನೆರೆಯ ನೀರು ಹರಿಯಲೆಂದು ಕಟ್ಟಿದ ಕಾಂಕ್ರೀಟ್ ಕಾಲುವೆಯಿದೆ. ಅದರ ಗೋಡೆಯ ಮೇಲೆ ಕ್ಯಾಲಿಫೋರ್ನಿಯದ ಚರಿತ್ರೆಯನ್ನು, ಪಠ್ಯಪುಸ್ತಕಗಳು ಬಿಟ್ಟ ಜನರನ್ನೇ ಮುಂದಿಟ್ಟುಕೊಂಡು, ಬರೆಸುವ ಸಂಕಲ್ಪ ಅವರದು. ಮೊದಲ ಬೇಸಿಗೆಗೆ ಎಂಬತ್ತು ಕಿಶೋರರು ಬಂದರು. ಕಾನೂನಿನ ಕೈಗೆ ಸಿಕ್ಕಿ ಅಲ್ಲಿಗೆ ಕಳುಹಿಸಲ್ಪಟ್ಟವರು ಅವರು. ಅವರಿಗೆ ವೇತನವಿತ್ತು, ಜೊತೆಗೆ ಇತಿಹಾಸಕಾರರ ಪಾಠವೂ ಇತ್ತು. 1983ರವರೆಗೆ ಐದು ಬೇಸಿಗೆಗಳಲ್ಲಿ ಸುಮಾರು 400 ಮಂದಿ ಎಳೆಯರು ದುಡಿದು 2,754 ಅಡಿ ಉದ್ದದ ಚಿತ್ರಮಾಲೆಯನ್ನು ಮುಗಿಸಿದರು. 1930ರ ದಶಕದಲ್ಲಿ ಮೆಕ್ಸಿಕೋ ಮೂಲದವರನ್ನು ರೈಲು ಹತ್ತಿಸಿ ದೇಶದಾಚೆಗೆ ಅಟ್ಟಿದ ದುಃಖವೂ ಅಲ್ಲಿದೆ, ಅದೇ ಕಣಿವೆಯ ಪಕೋಯಿಮಾ ಊರಿನ ಡೇವಿಡ್ ಗೊನ್ಸಾಲೆಸ್ ಎಂಬ ಸೈನಿಕನೂ ಇದ್ದಾನೆ. 1945ರಲ್ಲಿ ಫಿಲಿಪೈನ್ಸಿನ ರಣಾಂಗಣದಲ್ಲಿ ಮಣ್ಣಿನಡಿ ಹೂತುಹೋದ ಸಂಗಡಿಗರನ್ನು, ಗುಂಡಿನ ಮಳೆಯ ನಡುವೆಯೇ ಅಗೆದು ತೆಗೆಯುತ್ತ ಪ್ರಾಣ ಕೊಟ್ಟವನಾತ. 2017ರಲ್ಲಿ ಅಮೆರಿಕ ಸರ್ಕಾರ ಈ ಗೋಡೆಯನ್ನು ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ಬರಿಯ ಚಿತ್ರದರ್ಶನದಿಂದ ಮಕ್ಕಳು ತಿದ್ದಿಕೊಳ್ಳುವರೆಂದು ನಾನು ನಂಬಲಾರೆ. ನಮ್ಮ ಮನೆಗಳ ಗೋಡೆಗಳ ಮೇಲೂ ಶರಣರ ಭಾವಚಿತ್ರಗಳಿವೆ. ಮಾಚಿದೇವರ ಕಾಯಕವೇನು, ಚೌಡಯ್ಯನವರ ಕಾಯಕವೇನು ಎಂದು ಕೇಳಿದರೆ ಎಷ್ಟು ಮಕ್ಕಳು ಉತ್ತರಿಸಿಯಾರು? ಟುಹಂಗಾದ ಮಕ್ಕಳು ಆದರ್ಶವನ್ನು ಕಣ್ಣಿನಿಂದ ನೋಡಿ ಮುಂದೆ ನಡೆಯಲಿಲ್ಲ. ಬಿಸಿಲಿನಲ್ಲಿ ನಿಂತು, ಕೈ ಕೆಸರು ಮಾಡಿಕೊಂಡು ಅದನ್ನು ತಾವೇ ಬರೆದರು.

ಅದೇ ನಗರದ ಬೇರೊಂದು ಗೋಡೆಯ ಮೇಲೆ ಗಣಿತದ ಮೇಷ್ಟರೊಬ್ಬರ ಬೃಹತ್ ಚಿತ್ರವಿದೆ. ಅವರು ಬೊಲಿವಿಯದಿಂದ ಬಂದು ಗಾರ್‌ಫೀಲ್ಡ್ ಪ್ರೌಢಶಾಲೆಯಲ್ಲಿ ಕಲಿಸಿದ ಹೈಮೆ ಎಸ್ಕಲಾಂಟೆ. 1982ರಲ್ಲಿ ಅವರ 18 ಮಂದಿ ಬಡ ವಿದ್ಯಾರ್ಥಿಗಳು ಕಾಲೇಜು ಮಟ್ಟದ ಕಲನಶಾಸ್ತ್ರದ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಪರೀಕ್ಷಾ ಮಂಡಳಿಯವರಿಗೆ ನಂಬಿಕೆ ಬರಲಿಲ್ಲ. 14 ಮಂದಿಯ ಮೇಲೆ ನಕಲಿನ ಶಂಕೆ ಹೊರಿಸಿದರು. ಅವರಲ್ಲಿ 12 ಮಂದಿ ಮತ್ತೊಮ್ಮೆ ಪರೀಕ್ಷೆಗೆ ಕುಳಿತರು. ಹನ್ನೆರಡು ಮಂದಿಯೂ ತೇರ್ಗಡೆಯಾದರು.