ಅಭ್ಯಾಸಬಲದ ಕೃಷಿ

ಎರಡು ವರ್ಷದ ಹಿಂದಿನ ಮಾತು. ನವೆಂಬರಿನ ಕೊನೆ. ನೆರೆಕರೆಯ ಒಬ್ಬರೂ ನಾನೂ ಮಂಗಳೂರಿನಲ್ಲಿ ಒಂದು ಮದುವೆಯ ಊಟಕ್ಕೆ ಕುಳಿತಿದ್ದೆವು. ಹೋಳಿಗೆ ಬಡಿಸುವಷ್ಟರಲ್ಲಿ ಅವರು ಜೇಬಿನಿಂದ ಮೊಬೈಲು ತೆಗೆದು ಏನನ್ನೋ ಒತ್ತಿ ಮತ್ತೆ ಒಳಗಿಟ್ಟರು. "ಎಂತ ಭಾವಾ ಅದು?" ಎಂದು ಕೇಳಿದೆ. "ತೋಟಕ್ಕೆ ನೀರು ಬಿಟ್ಟೆ" ಎಂದರು. ಸಂಜೆ ಊರಿಗೆ ತಲಪಿ ನೋಡುವುದೇನು, ಮಧ್ಯಾಹ್ನವೇ ಗುಡುಗು ಸಹಿತ ಒಂದು ಮಳೆ ಬಂದು ತೋಟದ ಕಣಿಗಳಲ್ಲಿ ಕೆಂಪು ನೀರು ಹರಿಯುತ್ತಿದೆ. ಅದರ ಮೇಲೆ ಜೆಟ್ಟುಗಳು ಟಿಕ್ ಟಿಕ್ ಎಂದು ತಿರುಗುತ್ತಲೇ ಇವೆ! ಇಬ್ಬರೂ ಹೊಟ್ಟೆ ತುಂಬ ನಕ್ಕೆವು. ಆದರೆ ಮನೆಗೆ ಬಂದ ಮೇಲೆ ನನ್ನ ನಗು ನಿಂತಿತು. ಯಾಕೆಂದರೆ ಅವರು ದೂರದಿಂದ ನೋಡದೆ ಮಾಡಿದ್ದನ್ನು ನಾನು ತೋಟದ ಬದಿಯಲ್ಲೇ ನಿಂತು, ಕಣ್ಣು ಬಿಟ್ಟುಕೊಂಡು, ಎಷ್ಟೋ ವರ್ಷದಿಂದ ಮಾಡುತ್ತ ಬಂದಿದ್ದೆ.

ಬುದ್ಧಿಪೂರ್ವಕವಾಗಿ ಬದುಕಬೇಕು, ದಿನದ ಒಂದೊಂದು ಕೆಲಸವನ್ನೂ ತಿಳಿದು ಮಾಡಬೇಕು ಎಂಬ ಉಪದೇಶ ಈಚೆಗೆ ಪೇಟೆಯ ಕಡೆಯಿಂದ ಬಹಳವಾಗಿ ಕೇಳಿಬರುತ್ತಿದೆ. ಬೇಗ ಏಳಿ, ಸಾಮಾನು ಕಡಿಮೆ ಮಾಡಿ, ಅರ್ಧ ಗಂಟೆ ಮೌನವಾಗಿ ಕುಳಿತುಕೊಳ್ಳಿ ಎಂದು. ಒಳ್ಳೆಯದೇ. ಆದರೆ ಕರು ಕೂಗುವ ಹೊತ್ತಿಗೆ ಏಳುವವನಿಗೆ, ಇಡೀ ದಿನ ಅಡಿಕೆ ಮರಗಳ ನಡುವೆ ಮಾತಿಲ್ಲದೆ ಇರುವವನಿಗೆ ಈ ಔಷಧ ಹಿಡಿಯುವುದಿಲ್ಲ. ಕೃಷಿಕನ ಮೈಮರೆವು ಬೇರೆ ಜಾತಿಯದು. ಅದು ಪಂಪಿನ ಸ್ವಿಚ್ಚಿನಲ್ಲಿ, ಮದ್ದಿನ ಡ್ರಮ್ಮಿನಲ್ಲಿ, ಗೊಬ್ಬರದ ಬುಟ್ಟಿಯಲ್ಲಿ ಇರುತ್ತದೆ. ಅಲ್ಲಿ ಹುಡುಕಬೇಕು.

ನನ್ನ ತಂದೆಯವರ ಕಾಲದಲ್ಲಿ ನಮ್ಮ ತೋಟಕ್ಕೆ ಸುರಂಗದ ನೀರೇ ಗತಿ. ಸುರಂಗವೆಂದರೇನೆಂದು ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ದೂರದವರಿಗಾಗಿ ಎರಡು ಮಾತು. ಮುರಕಲ್ಲಿನ ಗುಡ್ಡೆಯನ್ನು ಅಡ್ಡಲಾಗಿ, ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟೇ ಜಾಗ ಮಾಡಿಕೊಂಡು ಕೊರೆಯುತ್ತ ಹೋಗುವುದು. ಒಳಗೆ ಒರತೆ ಸಿಕ್ಕಿದರೆ ನೀರು ತಾನಾಗಿಯೇ ಹೊರಗೆ ಹರಿದುಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಸಿಕ್ಕದಿದ್ದರೆ ತಿಂಗಳುಗಟ್ಟಲೆಯ ದುಡಿಮೆ ಮಣ್ಣುಪಾಲು. ನಮ್ಮ ಗಡಿಗೆ ತಾಗಿದ ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಅಡಿಕೆ ಮರ ಹತ್ತುವ ಕೂಲಿಯವರಾಗಿದ್ದವರು. ಬೋಳುಗುಡ್ಡೆಯಲ್ಲಿ ಒಬ್ಬರೇ ಕೊರೆಯುತ್ತ, ಕೆಲವು ಸುರಂಗಗಳು ಒಣಗಿಯೇ ಉಳಿದರೂ ಬಿಡದೆ, ಕೊನೆಗೆ ನೀರು ಕಂಡು ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹಾಗೆ ದೊರೆತ ನೀರನ್ನು ಯಾರೂ ಮೈಮರೆತು ಚೆಲ್ಲುವುದಿಲ್ಲ. ಸುರಂಗದ ಬಾಯಿಯಲ್ಲಿ ನಮ್ಮದೊಂದು ಸಣ್ಣ ಕೆರೆ ಇತ್ತು. ಅದರ ಕಲ್ಲಿನ ಗೋಡೆಯ ಮೇಲೆ ತಂದೆಯವರು ಕತ್ತಿಯಿಂದ ಐದು ಗೆರೆ ಎಳೆದಿದ್ದರು. ರಾತ್ರಿ ತುಂಬಿದ ನೀರು ಬೆಳಿಗ್ಗೆ ಎಷ್ಟನೆಯ ಗೆರೆಗೆ ಬಂದಿದೆ ಎಂದು ನೋಡಿದ ಮೇಲೆಯೇ ಆ ದಿನ ಯಾವ ಸಾಲಿಗೆ ನೀರು, ಯಾವುದಕ್ಕೆ ನಾಳೆ ಎಂಬ ತೀರ್ಮಾನ. ಶಾಲೆಗೆ ಹೋಗದ ಅವರಿಗೆ ಲೀಟರು ಗೊತ್ತಿರಲಿಲ್ಲ. ಆದರೆ ದಿನಕ್ಕೊಂದು ನಿರ್ಧಾರ ಮಾಡದೆ ಅವರು ನೀರು ಮುಟ್ಟಿದವರಲ್ಲ.

ಅನಂತರ ಕೊಳವೆಬಾವಿ ಬಂತು. ಗೆರೆಗಳ ಮೇಲೆ ಪಾಚಿ ಬೆಳೆಯಿತು. ನಾನು ಡಿಸೆಂಬರಿನಲ್ಲಿ ಪಂಪು ಸುರುಮಾಡಿದರೆ ಮೇ ತಿಂಗಳ ವರೆಗೆ ಬೆಳಿಗ್ಗೆ 6ರಿಂದ 10. ನಾಲ್ಕು ಗಂಟೆ ಯಾಕೆ ಎಂದು ಯಾರಾದರೂ ಕೇಳಿದ್ದರೆ, "ಮೊದಲಿನಿಂದಲೂ ಹಾಗೆಯೇ" ಎನ್ನುವುದಲ್ಲದೆ ಬೇರೆ ಉತ್ತರ ನನ್ನಲ್ಲಿರಲಿಲ್ಲ. ಏಪ್ರಿಲಿನಲ್ಲಿ ಬಾವಿ ಒಂದೇ ಗಂಟೆಗೆ ಗಾಳಿ ಕಾರಲು ತೊಡಗಿದರೆ ಕಾಲ ಕೆಟ್ಟಿತೆಂದು ಬೈಯುವುದು, ಇನ್ನೂರು ಅಡಿ ಕೆಳಗೆ ಇಳಿಸಿದರೆ ಹೇಗೆಂದು ಯೋಚಿಸುವುದು.

ಆ ಮದುವೆಯ ಮರುದಿನ ನಾನು ಒಂದು 200 ಲೀಟರಿನ ಡ್ರಮ್ಮನ್ನು ಪಂಪಿನ ಕೊಳವೆಯ ಬಾಯಿಗಿಟ್ಟು ಗಡಿಯಾರ ಹಿಡಿದೆ. ತುಂಬಲು 80 ಸೆಕೆಂಡು. ಅಂದರೆ ಗಂಟೆಗೆ 9,000 ಲೀಟರು, ನಾಲ್ಕು ಗಂಟೆಗೆ 36,000. ನನ್ನಲ್ಲಿರುವುದು ಒಂದೂವರೆ ಎಕ್ರೆಯಲ್ಲಿ 800 ಮರ. ಮರವೊಂದಕ್ಕೆ ದಿನಕ್ಕೆ 45 ಲೀಟರು ಬಿತ್ತು. ಇನ್ನು ಶಾಸ್ತ್ರ ಏನೆನ್ನುತ್ತದೆ ನೋಡೋಣ. ಬುಡಕ್ಕೆ ನೀರು ಕಟ್ಟುವುದಾದರೆ ಒಂದು ಸಲಕ್ಕೆ ಮರಕ್ಕೆ 175 ಲೀಟರು. ನವೆಂಬರ್-ಡಿಸೆಂಬರಿನಲ್ಲಿ 7-8 ದಿನಕ್ಕೊಮ್ಮೆ, ಜನವರಿ-ಫೆಬ್ರವರಿಯಲ್ಲಿ 6 ದಿನಕ್ಕೊಮ್ಮೆ, ಮಾರ್ಚಿಯಿಂದ ಮೇ ತನಕ 3ರಿಂದ 5 ದಿನಕ್ಕೊಮ್ಮೆ ಎಂದು ಅಡಿಕೆಗೆ ಶಿಫಾರಸು ಉಂಟು. ಹನಿ ನೀರಾವರಿಯಾದರೆ ದಿನಕ್ಕೆ 16-20 ಲೀಟರು ಸಾಕು.

ಈಗ ಲೆಕ್ಕ ಕೂಡಿಸಿ. ಏಪ್ರಿಲಿನ ಮಟ್ಟಿಗೆ ನನ್ನ 45 ಲೀಟರು ತಪ್ಪಲ್ಲ. ನಾಲ್ಕು ದಿನಕ್ಕೆ 180 ಆಯಿತು, ಹೆಚ್ಚುಕಡಿಮೆ ಸರಿಯಾದ ಪ್ರಮಾಣವೇ. ತಪ್ಪಿದ್ದು ಡಿಸೆಂಬರಿನಲ್ಲಿ. ಆಗ ವಾರಕ್ಕೆ ಬೇಕಾದದ್ದು 1,40,000 ಲೀಟರು. ನಾನು ಎತ್ತಿದ್ದು 2,52,000. ನೆಲದಲ್ಲಿ ಇನ್ನೂ ಮಳೆಗಾಲದ ತೇವ ಇರುವಾಗ, ವಾರವಾರವೂ ಒಂದು ಲಕ್ಷ ಲೀಟರಿಗೆ ಮಿಕ್ಕಿ ನೀರನ್ನು ಭೂಮಿಯ ಹೊಟ್ಟೆಯಿಂದ ತೆಗೆದು ಸುಮ್ಮನೆ ತೋಡಿಗೆ ಬಿಟ್ಟಿದ್ದೆ. ಏಪ್ರಿಲಿನಲ್ಲಿ ಮರಗಳಿಗೆ ಬೇಕಾಗಿದ್ದ ನೀರು ಅದೇ. ಜೆಟ್ಟಿನ ನೀರು ಗಾಳಿಗೂ ಬಿಸಿಲಿಗೂ ಒಂದಷ್ಟು ಹೋಗುತ್ತದೆ, ನಿಜ. ಅದನ್ನು ಬಿಟ್ಟುಕೊಟ್ಟರೂ ನನ್ನ ತಪ್ಪು ಮುಚ್ಚಿಹೋಗುವುದಿಲ್ಲ.

ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಸೀಮೆ ನಮ್ಮ ಕಾಸರಗೋಡು. ಒಂದು ಎಕ್ರೆಯ ಮೇಲೆ ಬೀಳುವ ನೀರು ಸುಮಾರು 1 ಕೋಟಿ 40 ಲಕ್ಷ ಲೀಟರು! ಇಂಥ ಊರಿನವರು ಮೇ ತಿಂಗಳಲ್ಲಿ ಟ್ಯಾಂಕರಿಗೆ ಕಾಯುವುದು ದೇವರ ತಪ್ಪಲ್ಲ.

ಮದ್ದಿನ ಕಥೆಯೂ ಹೀಗೆಯೇ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡದ ತೋಟ ನಮ್ಮಲ್ಲಿಲ್ಲ. 1 ಕಿಲೋ ಮೈಲುತುತ್ತು 50 ಲೀಟರು ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಹೊಯ್ಯಬೇಕು. ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಇಷ್ಟು ಎಲ್ಲರಿಗೂ ಬಾಯಿಪಾಠ. ಕೊನೆಗೊಂದು ಪರೀಕ್ಷೆ ಉಂಟು: ಹೊಳೆಯುವ ಹಾಗೆ ಉಜ್ಜಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯುವುದು. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಈ ಒಂದು ನಿಮಿಷವನ್ನು ಎಷ್ಟು ಮಂದಿ ಕೊಡುತ್ತಾರೆ? ಮದ್ದು ಬಿಡುವವರು ಏಣಿ ಹಿಡಿದು ನಿಂತಿದ್ದಾರೆ, ಮೋಡ ಕಟ್ಟಿದೆ, ನಾಳೆ ಅವರು ಸಿಕ್ಕುವುದಿಲ್ಲ; ಕತ್ತಿ ಹುಡುಕುವ ಪುರುಸೊತ್ತು ಯಾರಿಗೆ? ನಾನೂ ಹಾಗೆಯೇ ಒಂದು ವರ್ಷ, ಅಟ್ಟದಲ್ಲಿ ಗಾಳಿ ತಾಗಿ ಸತ್ವ ಹೋಗಿದ್ದ ಸುಣ್ಣವನ್ನು ಅಳತೆಗೆ ಸರಿಯಾಗಿಯೇ ಹಾಕಿ ಬಿಡಿಸಿದೆ. ಎಳೆಕಾಯಿಗಳು ಸುಟ್ಟ ಹಾಗಾದವು, ಆಟಿಯಲ್ಲಿ ಕೊಳೆಯೂ ಬಂತು. ಅಂಗಡಿಯವನನ್ನು ಬೈದೆ. ತಪ್ಪು ನನ್ನ ಅಟ್ಟದಲ್ಲಿತ್ತು ಎಂದು ತಿಳಿಯಲು ಇನ್ನೊಂದು ಮಳೆಗಾಲ ಬೇಕಾಯಿತು.

ಇದು ಒಬ್ಬನ ಬೆಳೆಯ ಮಾತು. ಊರಿನ ಮಾತು ಬೇರೆ ಇದೆ. ಅದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಈ ಜಿಲ್ಲೆಯ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚಿದರು. ಆಕಾಶದಿಂದ ಎರಚುವಾಗ ಯಾವ ಮರದಲ್ಲಿ ಕೀಟ ಇದೆ, ಯಾವುದರಲ್ಲಿ ಇಲ್ಲ, ಕೆಳಗೆ ಯಾರ ಬಾವಿ ತೆರೆದಿದೆ ಎಂದು ನೋಡುವವರಿರಲಿಲ್ಲ. ಸಮಯ ಬಂತು, ಎರಚಿದರು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ದೇಶದಲ್ಲೆಲ್ಲ ತಡೆಯಿತು. ಎಣ್ಮಕಜೆಯ ಮನೆಗಳಲ್ಲಿ ಮಲಗಿದಲ್ಲೇ ದೊಡ್ಡವರಾದ ಮಕ್ಕಳ ತಾಯಂದಿರಿಗೆ ಆ ತಡೆಯಿಂದ ಏನಾಗಬೇಕು?

ಹಾಗೆಂದು ರೂಢಿಯೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮಳೆ ಬಿಟ್ಟ ಮೇಲೆ ತೋಡಿಗೆ ಕಟ್ಟ ಹಾಕುವುದು ನಮ್ಮ ಹಿರಿಯರ ರೂಢಿ. ಅದನ್ನು ಬಿಟ್ಟೇ ನಾವು ಕೆಟ್ಟೆವು. ಆದರೆ ಒಂದಾನೊಂದು ಕಾಲದಲ್ಲಿ ಯಾರೋ ಯೋಚಿಸಿ ಮಾಡಿದ ನಿರ್ಧಾರವೇ ರೂಢಿ ಎಂಬುದನ್ನು ಮರೆಯಬಾರದು. ನನ್ನ ನಾಲ್ಕು ಗಂಟೆಯ ಹಿಂದೆ ಅಂಥ ಯೋಚನೆ ಯಾರದೂ ಇರಲಿಲ್ಲ. ಮಿತ್ರರು ಕೆಲವರು, "ಆಳು ಸಿಕ್ಕದ ಈ ಕಾಲದಲ್ಲಿ, ಮಕ್ಕಳು ಬೆಂಗಳೂರಿನಲ್ಲಿರುವಾಗ, ಇಬ್ಬರು ಮುದುಕರು ಇದನ್ನೆಲ್ಲ ನೋಡಿಕೊಂಡಿರಲು ಸಾಧ್ಯವೋ?" ಎಂದು ಕೇಳುತ್ತಾರೆ. ನಾನು ಹೇಳುವುದು, ಆಳು ಇಲ್ಲದಿರುವುದರಿಂದಲೇ ನೋಡಬೇಕಾದದ್ದು. ಬೇಡದ ಕೆಲಸ ಯಾವುದೆಂದು ತಿಳಿಯದಿದ್ದರೆ ಬೇಕಾದದ್ದಕ್ಕೆ ಕೈ ಎಲ್ಲಿಂದ ಬರಬೇಕು?

ನಾನು ಕಂಡುಕೊಂಡ ಉಪಾಯ ದೊಡ್ಡದೇನಲ್ಲ. ಶಾಲೆಯ ಮಕ್ಕಳ ನೂರು ಪುಟದ ಒಂದು ಪುಸ್ತಕ. ರಾತ್ರಿ ಊಟಕ್ಕೆ ಮೊದಲು ಜಗಲಿಯಲ್ಲಿ ಕುಳಿತು ನಾಲ್ಕು ಗೆರೆ: ಪಂಪು ಎಷ್ಟು ಹೊತ್ತು ತಿರುಗಿತು, ಬಾವಿ ಹೇಗಿದೆ, ಇಂದು ಮಾಡಿದ ಕೆಲಸ ಯಾವುದು, ಯಾಕೆ ಮಾಡಿದೆ. "ಯಾಕೆ" ಎಂಬ ಮನೆ ಖಾಲಿ ಉಳಿದ ದಿನಗಳಿಗೆ ಒಂದು ಅಡ್ಡಗೀಟು. ಮೊದಲ ತಿಂಗಳು ಅಡ್ಡಗೀಟುಗಳೇ ಹೆಚ್ಚು; ನನ್ನ ಮಾನ ಹೋಗುವಷ್ಟು. ಡಿಸೆಂಬರಿನಿಂದ ನೀರನ್ನು ದಿನ ಬಿಟ್ಟು ದಿನ ಮಾಡಿದೆ. ಮರಗಳು ಸೊರಗಲಿಲ್ಲ. ಏಪ್ರಿಲಿನಲ್ಲಿ ಬಾವಿ ಮೂರು ಗಂಟೆ ನಿಂತಿತು. ಒಂದೇ ವರ್ಷದ ಅನುಭವದಿಂದ ಡಂಗುರ ಹೊಡೆಯಬಾರದೆಂದು ಸುಮ್ಮನಿದ್ದೆ. ಈ ವರ್ಷವೂ ಹಾಗೆಯೇ ಆದ ಮೇಲೆ ಬರೆಯುತ್ತಿದ್ದೇನೆ.

ಈ ಪುಸ್ತಕವನ್ನು ಒಂದು ದಿನ ಮನೆಯಾಕೆ ಓದಿದಳು. ಓದಿ, "ಪಂಪು ಎಷ್ಟು ಗಂಟೆ ತಿರುಗಿತೆಂದು ಉಂಟು. ನಾನು ಹಟ್ಟಿಗೆ ಎಷ್ಟು ಕೊಡಪಾನ ನೀರು ಹೊತ್ತೆನೆಂದು ಎಲ್ಲಿ ಉಂಟು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಜಗಲಿಯಲ್ಲಿ ಕುಳಿತು ಎಣಿಸಿದೆ. ಎರಡು ದನ, ಒಂದು ಕರುವಿಗೆ ಹದಿಮೂರು ಕೊಡಪಾನ. ಬಾವಿಕಟ್ಟೆಯಿಂದ ಹಟ್ಟಿಗೆ ಏಳು ಮೆಟ್ಟಲು ಇಳಿಯಬೇಕು. ತೋಟದ ಮೂಲೆಮೂಲೆಗೆ ಪೈಪು ಎಳೆದ ನಾನು ಹಟ್ಟಿಗೆ ಎಳೆದಿರಲಿಲ್ಲ. ಯಾಕೆ? ಮೊದಲಿನಿಂದಲೂ ಹಾಗೆಯೇ. ನಲುವತ್ತು ಅಡಿ ಪೈಪು, ಒಂದು ನಳ್ಳಿ, ಅರ್ಧ ದಿನದ ಕೆಲಸ. ಸಂಜೆ ಅವಳು ನಳ್ಳಿ ತಿರುಗಿಸಿ ನೀರು ಬೀಳುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. "ಇಷ್ಟಕ್ಕೆ ಮೂವತ್ತು ವರ್ಷ ಬೇಕಾಯಿತಾ ನಿಮಗೆ?" ಎಂದಳು. ಆ ದಿನದ ಪುಟದಲ್ಲಿ ಆ ಮಾತನ್ನೂ ಬರೆದಿಟ್ಟಿದ್ದೇನೆ.