ಬ್ರಾಂಚ್ ಕೇಳುವ ಮೊದಲು ಟ್ಯಾಂಕಿಗೊಂದು ಅಲಾರಂ ಮಾಡಿ

ಸಿಇಟಿ ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ತುಮಕೂರಿನಲ್ಲಿ ಪಾಲಿಟೆಕ್ನಿಕ್ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತಳಾದವಳು ನಾನು. ಬ್ರಾಂಚಿನ ಭವಿಷ್ಯ ನನಗೆ ಗೊತ್ತಿರಲೇಬೇಕು ಎಂಬುದು ನೆಂಟರಿಷ್ಟರ ನಂಬಿಕೆ. "ಮೇಡಂ, ಕಂಪ್ಯೂಟರ್ ಸೈನ್ಸ್ ಸಿಗೋ ಹಾಗೆ ಕಾಣ್ತಿಲ್ಲ. ಇ ಅಂಡ್ ಸಿ ಹಾಕೋಣ್ವಾ, ಇ ಅಂಡ್ ಇ ಹಾಕೋಣ್ವಾ? ಯಾವುದಕ್ಕೆ ಸ್ಕೋಪ್ ಇದೆ?" ಕೇಳುವವರು ಬಹುಪಾಲು ಅಪ್ಪಂದಿರು. ಮಗಳಿಗೆ ಫೋನ್ ಕೊಡಿ ಅಂದರೆ ಆ ಕಡೆಯಿಂದ ಮಾತೇ ಹೊರಡುವುದಿಲ್ಲ. ಪಾಪ, ಅವಳಾದರೂ ಏನು ಹೇಳಿಯಾಳು? ಎರಡು ವರ್ಷ ಓಮ್‌ನ ನಿಯಮದ ಲೆಕ್ಕ ಬಿಡಿಸಿದ್ದಾಳೆ, ಒಂದು ರೆಸಿಸ್ಟರನ್ನೂ ಕೈಯಲ್ಲಿ ಹಿಡಿದಿಲ್ಲ.

ಈಗೀಗ ನನ್ನದು ಒಂದೇ ಉತ್ತರ. ಪ್ಲೇಸ್‌ಮೆಂಟ್ ಪಟ್ಟಿ ಪಕ್ಕಕ್ಕಿಡಿ. ಮಹಡಿ ಮೇಲಿನ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ತೋರಿಸುವ, ತುಂಬಿದಾಗ ಕೂಗುವ ಒಂದು ಸರ್ಕ್ಯೂಟನ್ನು ಅವಳ ಕೈಯಿಂದಲೇ ಮಾಡಿಸಿ. ಬ್ರೆಡ್‌ಬೋರ್ಡ್, ಸಾಧಾರಣ ಮಲ್ಟಿಮೀಟರ್, ನಾಲ್ಕಾರು ಬಿಸಿ547 ಟ್ರಾನ್ಸಿಸ್ಟರ್, ರೆಸಿಸ್ಟರ್, ಎಲ್‌ಇಡಿ, ಒಂದು ಬಜರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಷ್ಟೂ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಕರೆಂಟಿಗೆ ಮೂಲೆ ಸೇರಿರುವ ಹಳೆಯ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್ ಸಾಕು. ತಂತಿಯ ತುದಿಗೆ ನೀರು ತಾಗಿದೊಡನೆ ಅದರ ಮೂಲಕ ತೀರ ಸಣ್ಣ ಕರೆಂಟು ಟ್ರಾನ್ಸಿಸ್ಟರಿನ ಬೇಸ್‌ಗೆ ಹೋಗುತ್ತದೆ, ಎಲ್‌ಇಡಿ ಹೊತ್ತಿಕೊಳ್ಳುತ್ತದೆ.

ಸ್ವಾರಸ್ಯ ಇರುವುದು ಅದು ಕೆಟ್ಟ ಮೇಲೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಕೆಲವು ವಾರ ಬಿಟ್ಟು ತಂತಿ ಮೇಲೆತ್ತಿ ನೋಡಿ: ಪಾಸಿಟಿವ್ ತಂತಿಯ ತಾಮ್ರ ಹಸಿರುಗಟ್ಟಿ ಸವೆದಿರುತ್ತದೆ, ಉಳಿದವುಗಳ ತುದಿಗೆ ಸುಣ್ಣ ಬಳಿದಂತೆ ಬಿಳಿ ಪದರ ಕೂತಿರುತ್ತದೆ. ಪಿಯುಸಿ ಕೆಮಿಸ್ಟ್ರಿಯ ಎಲೆಕ್ಟ್ರೋಲಿಸಿಸ್ ಟ್ಯಾಂಕಿನೊಳಗೇ ನಡೆದಿದೆ! ತಾಮ್ರ ತೆಗೆದು ಸ್ಟೀಲ್ ಬೋಲ್ಟ್ ಹಾಕಿದರೆ ಹೇಗೆ, ಅಳೆಯುವ ಕ್ಷಣಕ್ಕಷ್ಟೇ ವೋಲ್ಟೇಜ್ ಕೊಟ್ಟರೆ ಹೇಗೆ ಎಂದು ತಲೆ ಕೆಡಿಸಿಕೊಂಡು ಕೂರುವ ಹುಡುಗಿಗೆ ಇನ್‌ಸ್ಟ್ರುಮೆಂಟೇಶನ್ ಹಿಡಿಸುತ್ತದೆ. ಇನ್ನೊಬ್ಬಳು ತಂತಿಯ ಸಹವಾಸವೇ ಬೇಡವೆಂದು ಮುಚ್ಚಳದ ಕೆಳಗೆ ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸುತ್ತಾಳೆ. ಬೆಳಿಗ್ಗೆ ಸರಿಯಾಗಿ ತೋರಿಸಿದ್ದು ಏಪ್ರಿಲ್ ಮಧ್ಯಾಹ್ನಕ್ಕೆ ತಪ್ಪು ತೋರಿಸುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಇರುವ ಶಬ್ದದ ವೇಗ ಪ್ರತಿ ಡಿಗ್ರಿಗೂ 0.6 ಮೀಟರ್ ಏರುತ್ತದೆ. ಕಾದ ಕಪ್ಪು ಟ್ಯಾಂಕಿನೊಳಗೆ 45 ಡಿಗ್ರಿಯಾದರೆ ಒಂದು ಮೀಟರಿಗೆ ನಾಲ್ಕು ಸೆಂಟಿಮೀಟರಿನಷ್ಟು ವ್ಯತ್ಯಾಸ. ಅದನ್ನು ಪ್ರೋಗ್ರಾಂ ಬರೆದು ಸರಿಪಡಿಸುವವಳು ಇ ಅಂಡ್ ಸಿಗೆ ಧಾರಾಳವಾಗಿ ಹೋಗಲಿ.

ಆದರೆ ನನ್ನ ಪಕ್ಷಪಾತ ಮೂರನೆಯವನ ಕಡೆ. "ಅಲಾರಂ ಕೂಗಿದಾಗ ಎದ್ದುಹೋಗಿ ಮೋಟರ್ ಆಫ್ ಮಾಡೋದು ಯಾರು?" ಎಂದು ಕೇಳುವವನು. ಅವನು ಸಕ್ಕರೆ ತುಂಡಿನಷ್ಟು ದೊಡ್ಡ ನೀಲಿ ರಿಲೇ ತರುತ್ತಾನೆ. ಅದರ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ, ಒಂದು ಎಚ್‌ಪಿ ಮೋಟರ್ ಓಡುವಾಗ ಎಳೆಯುವುದು ಐದಾರು ಆಂಪಿಯರ್, ಲೆಕ್ಕ ಸರಿಯೇ ಇದೆ. ಆದರೆ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಮೋಟರ್ ಅದರ ಐದಾರು ಪಟ್ಟು ಎಳೆಯುತ್ತದೆ. ರಿಲೇಯ ಕಾಂಟ್ಯಾಕ್ಟುಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಟ್ಯಾಂಕ್ ತುಂಬಿ ಬೀದಿಗೆ ಹರಿದರೂ ಮೋಟರ್ ನಿಲ್ಲದು. ಆಗ ಗೊತ್ತಾಗುತ್ತದೆ, ರಿಲೇ ಮತ್ತು ಮೋಟರಿನ ನಡುವೆ ಭಾರಿ ಕರೆಂಟು ತಾಳುವ ಕಾಂಟ್ಯಾಕ್ಟರ್ ಯಾಕೆ ಬೇಕೆಂದು. ಮುಂದಿನ ಪ್ರಶ್ನೆ: ಸಂಪು ಖಾಲಿಯಾಗಿ ಮೋಟರ್ ನೀರಿಲ್ಲದೆ ಓಡುತ್ತಿದ್ದರೆ? ಕರೆಂಟ್ ಇಳಿದದ್ದನ್ನು ಗುರುತಿಸಿ ನಿಲ್ಲಿಸಬೇಕು. ಇಲ್ಲಿಗೆ ಹುಡುಗ ತನಗೇ ಗೊತ್ತಿಲ್ಲದೆ ಇ ಅಂಡ್ ಇ, ಅಂದರೆ ಎಲೆಕ್ಟ್ರಿಕಲ್ ಬ್ರಾಂಚಿನ ಪವರ್ ಸಿಸ್ಟಮ್ ಪ್ರೊಟೆಕ್ಷನ್ ಎಂಬ ವಿಭಾಗದ ಹೊಸ್ತಿಲಿಗೆ ಬಂದ.

ಆ ವಿಭಾಗದ ಹೊಣೆ ಎಷ್ಟು ದೊಡ್ಡದೆಂದು ನೋಡಿ: 2012ರ ಜುಲೈ 30ರಂದು ಬೀನಾ–ಗ್ವಾಲಿಯರ್ 400 ಕೆ.ವಿ. ಲೈನಿನ ರಿಲೇ ಮಿತಿಮೀರಿದ ಲೋಡನ್ನೇ ಫಾಲ್ಟ್ ಎಂದು ತಿಳಿದು ಲೈನ್ ಕಡಿದು ಹಾಕಿತು. ಉತ್ತರದ ಗ್ರಿಡ್ ಕುಸಿಯಿತು. ಮರುದಿನ ಪೂರ್ವ, ಈಶಾನ್ಯ ಗ್ರಿಡ್‌ಗಳೂ ಅದರ ಜೊತೆ ಬಿದ್ದು 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಕೂತರು. ನಾವು ಬಚಾವಾದೆವು, ದಕ್ಷಿಣದ ಗ್ರಿಡ್ ಆಗಿನ್ನೂ ಅವುಗಳ ಜೊತೆ ಒಂದೇ ತಾಳಕ್ಕೆ ಸೇರಿರಲಿಲ್ಲ. ಸೇರಿದ್ದು 2013ರ ಡಿಸೆಂಬರ್ 31ರಂದು, ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕೆ.ವಿ. ಲೈನಿನ ಮೂಲಕ. ಇಂಥ ಲೈನುಗಳನ್ನು ಕಾಯುವ ವಿದ್ಯೆಯನ್ನು "ಸಿಎಸ್ ಸಿಗದವರು ತಗೊಳ್ಳೋದು" ಎನ್ನುವ ಅಪ್ಪಂದಿರನ್ನು ಕಂಡರೆ ನನಗೆ ರೇಗುತ್ತದೆ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಫಲಕಗಳು ಕೊಡುವುದು ಡಿಸಿ, ಲೈನಿಗೆ ಬೇಕಾದದ್ದು ಎಸಿ. ನಡುವಿನ ಇನ್ವರ್ಟರ್ ಕೆಲಸಕ್ಕೆ ಪವರ್ ಎಲೆಕ್ಟ್ರಾನಿಕ್ಸ್ ಓದಿದವರೇ ಬೇಕು.

ಒಂದು ಎಚ್ಚರಿಕೆ. ಮಕ್ಕಳ ಕೈ 12 ವೋಲ್ಟಿನವರೆಗೆ ಮಾತ್ರ. ಮೋಟರ್ ಭಾಗದ 230 ವೋಲ್ಟಿನ ವೈರಿಂಗಿಗೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬರಲಿ, ಮಗ ಪಕ್ಕದಲ್ಲಿ ನಿಂತು ನೋಡಲಿ. ಮನೆಯಲ್ಲಿ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಕಾಲೇಜಿಗೆ ಸೇರಿದ ಮೇಲಿನ ಕಥೆ ಇನ್ನೂ ಬೇಸರದ್ದು. ಫೈನಲ್ ಇಯರ್ ಪ್ರಾಜೆಕ್ಟನ್ನು ರಿಪೋರ್ಟ್, ಪಿಪಿಟಿ ಸಮೇತ ದುಡ್ಡು ಕೊಟ್ಟು ತರುವುದು ಗುಟ್ಟಿನ ವಿಷಯವಾಗಿ ಉಳಿದಿಲ್ಲ. ಎಕ್ಸ್‌ಟರ್ನಲ್ ಪರೀಕ್ಷಕಿಯಾಗಿ ಹೋದಾಗ ನಾನು ಬೋರ್ಡಿನಿಂದ ಒಂದು ತಂತಿ ಕಿತ್ತು, "ಈಗ ಎಲ್ಲಿ ಏನು ಕೆಟ್ಟಿದೆ, ಮೀಟರ್ ಹಿಡಿದು ತೋರಿಸಪ್ಪ" ಎನ್ನುತ್ತಿದ್ದೆ. ತಾನೇ ಕಟ್ಟಿದ ಹುಡುಗ ತಕ್ಷಣ ಪ್ರೋಬ್ ಎತ್ತಿಕೊಳ್ಳುತ್ತಿದ್ದ. ಕೊಂಡುತಂದವರು ನನ್ನ ಮುಖ ನೋಡುತ್ತಿದ್ದರು, ಆಮೇಲೆ ತಮ್ಮ ಗೈಡ್ ಮುಖ. ಡಿಪ್ಲೊಮಾ ಇರಲಿ ಬಿ.ಇ. ಇರಲಿ, ಪ್ರಾಜೆಕ್ಟಿನ ಅರ್ಧ ಅಂಕವನ್ನು ಪರೀಕ್ಷಕರ ಎದುರೇ ಕೆಟ್ಟದ್ದನ್ನು ಹುಡುಕಿ ಸರಿಮಾಡುವುದಕ್ಕೆ ಇಡಲಿ. ರೆಡಿಮೇಡ್ ಮಾರುವವರು ಬೇರೆ ವ್ಯಾಪಾರ ನೋಡಿಕೊಳ್ಳುತ್ತಾರೆ.